ಧ್ವಜ ತನ್ನದು, ವಿದ್ಯುತ್ತಿನ ಲಯ ಮಾಸ್ಕೋದ್ದು



ಒಂದು ದೇಶ ಸ್ವತಂತ್ರವಾಯಿತು ಎಂದು ಹೇಳುವುದು ಯಾವಾಗ? ಸ್ವಂತ ಧ್ವಜ ಏರಿಸಿದ ದಿನವೇ? ಸ್ವಂತ ನಾಣ್ಯ ಚಲಾವಣೆಗೆ ಬಂದ ದಿನವೇ? ಪರಕೀಯ ಸೈನ್ಯ ಗಡಿ ದಾಟಿ ಹೊರಟುಹೋದ ದಿನವೇ? ಬಾಲ್ಟಿಕ್ ಸಮುದ್ರದ ದಂಡೆಯ ಪುಟ್ಟ ರಾಷ್ಟ್ರ ಲಿಥುವೇನಿಯಾ ಈ ಮೂರನ್ನೂ 1990ರಿಂದ 1993ರ ಒಳಗೆ ಸಾಧಿಸಿಕೊಂಡಿತು. 2004ರಲ್ಲಿ ನ್ಯಾಟೊ ಕೂಟವನ್ನೂ ಐರೋಪ್ಯ ಒಕ್ಕೂಟವನ್ನೂ ಸೇರಿತು. ಆದರೆ ಆ ದೇಶದ ಮನೆಮನೆಗಳಲ್ಲಿ ಹರಿಯುವ ವಿದ್ಯುತ್ತು ಯಾವ ಲಯದಲ್ಲಿ ಮಿಡಿಯಬೇಕು ಎಂಬುದನ್ನು ನಿಯಂತ್ರಿಸುವ ಕೋಣೆ ಮಾತ್ರ 2025ರ ಫೆಬ್ರುವರಿವರೆಗೆ ಮಾಸ್ಕೋದಲ್ಲಿಯೇ ಇತ್ತು. ಆ ಕೋಣೆಯ ಹಿಡಿತದಿಂದ ಬಿಡಿಸಿಕೊಳ್ಳಲು ಲಿಥುವೇನಿಯಾಕ್ಕೆ ಮೂವತ್ತೈದು ವರ್ಷ ಹಿಡಿಯಿತು.

ಲಿಥುವೇನಿಯಾದ ವಿಸ್ತೀರ್ಣ ಸುಮಾರು 65 ಸಾವಿರ ಚದರ ಕಿಲೋಮೀಟರ್. ಅಂದರೆ ಕರ್ನಾಟಕದ ಮೂರನೆಯ ಒಂದು ಭಾಗ. ಜನಸಂಖ್ಯೆ 29 ಲಕ್ಷದ ಆಸುಪಾಸು. ನಮಗೆ ದೂರದ ದೇಶವಾದರೂ ಭಾಷೆಯ ವಿಷಯದಲ್ಲಿ ಅಷ್ಟು ದೂರದ್ದಲ್ಲ. ಐರೋಪ್ಯ ಭಾಷೆಗಳಲ್ಲಿ ಸಂಸ್ಕೃತದ ಹಳೆಯ ರೂಪಗಳಿಗೆ ಹತ್ತಿರವಾದ ಮಾತುಗಳನ್ನು ಬಹಳವಾಗಿ ಉಳಿಸಿಕೊಂಡಿರುವುದು ಲಿಥುವೇನಿಯನ್ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಬೆಂಕಿಗೆ ಅಲ್ಲಿ ‘ಉಗ್ನಿಸ್’, ಹೊಗೆಗೆ ‘ದೂಮಸ್’, ಮಗನಿಗೆ ‘ಸೂನುಸ್’.

ಈ ಭಾಷೆಯನ್ನು ಉಳಿಸಿಕೊಂಡ ಬಗೆಯೂ ಇಲ್ಲಿ ನೆನೆಯತಕ್ಕದ್ದು. 1863ರ ದಂಗೆಯ ನಂತರ ರಷ್ಯಾದ ಚಕ್ರವರ್ತಿಯ ಸರ್ಕಾರವು ಲಿಥುವೇನಿಯನ್ ಭಾಷೆಯನ್ನು ಲ್ಯಾಟಿನ್ ಲಿಪಿಯಲ್ಲಿ ಅಚ್ಚು ಮಾಡುವುದನ್ನೇ ನಿಷೇಧಿಸಿತು. ನಿಷೇಧ 1904ರವರೆಗೆ, ನಾಲ್ಕು ದಶಕ ನಡೆಯಿತು. ಆಗ ಪುಸ್ತಕಗಳು ಅಚ್ಚಾಗುತ್ತಿದ್ದುದು ಗಡಿಯಾಚೆಯ ಪೂರ್ವ ಪ್ರಷ್ಯಾದಲ್ಲಿ, ಟಿಲ್ಸಿಟ್ ಮತ್ತು ಅದರ ಸುತ್ತಲಿನ ಊರುಗಳಲ್ಲಿ. ಅಲ್ಲಿಂದ ರೈತರು, ಕೂಲಿಗಳು, ಪಾದ್ರಿಗಳು ಪುಸ್ತಕದ ಕಟ್ಟುಗಳನ್ನು ಬೆನ್ನಿಗೆ ಕಟ್ಟಿಕೊಂಡು ರಾತ್ರಿ ಕಳ್ಳದಾರಿಯಲ್ಲಿ ಗಡಿ ದಾಟುತ್ತಿದ್ದರು. ಸಿಕ್ಕಿಬಿದ್ದವರನ್ನು ಸೈಬೀರಿಯಾಕ್ಕೆ ಅಟ್ಟಲಾಗುತ್ತಿತ್ತು. ‘ಪುಸ್ತಕ ಹೊರುವವರು’ ಎಂಬ ಅರ್ಥದ ಒಂದು ಪದವೇ ಆ ಭಾಷೆಯಲ್ಲಿ ಗೌರವದ ಪದವಾಗಿ ನಿಂತಿದೆ. ಮುದ್ರಕ ಮಾರ್ಟಿನಸ್ ಯಾಂಕುಸ್ ಅವರ ಮುದ್ರಣಾಲಯವಿದ್ದ ಬಿಟೇನಾಯ್ ಎಂಬ ಹಳ್ಳಿಯ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಅದು ಮುಂದೆ ಬೇರೊಂದು ಕಾರಣಕ್ಕೆ ಬರುತ್ತದೆ.

ಈಗ ವಿದ್ಯುತ್ತಿನ ವಿಷಯ. ‘ಮಾಸ್ಕೋದಲ್ಲಿ ಲಯದ ನಿಯಂತ್ರಣ’ ಎಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳದೆ ಕಥೆ ಮುಂದೆ ಹೋಗದು.

ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಸೆಕೆಂಡಿಗೆ 50 ಆವರ್ತದಂತೆ ಹಿಂದೆ ಮುಂದೆ ತೂಗುತ್ತದೆ. ಇದನ್ನೇ 50 ಹರ್ಟ್ಸ್ ಫ್ರೀಕ್ವೆನ್ಸಿ ಎನ್ನುವುದು. ಒಂದು ಜಾಲಕ್ಕೆ ಸೇರಿದ ವಿದ್ಯುದಾಗಾರಗಳ ಜನರೇಟರುಗಳೆಲ್ಲ, ಅವು ಸಾವಿರ ಕಿಲೋಮೀಟರ್ ದೂರದೂರದಲ್ಲಿದ್ದರೂ, ಇದೇ ಲಯಕ್ಕೆ ಸರಿಯಾಗಿ ಒಟ್ಟಿಗೆ ತಿರುಗಬೇಕು. ಸುಗ್ಗಿಯ ಕಣದಲ್ಲಿ ಮೇಟಿಗೆ ಕಟ್ಟಿ ಹಂತಿ ಹೊಡೆಯುವ ಎತ್ತುಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕೊರಳು ಜೋಡಿಸಿದ ಎತ್ತುಗಳು ಒಂದೇ ನಡೆಯಲ್ಲಿ ಸುತ್ತಬೇಕು. ಒಂದು ಸೋತರೆ ಉಳಿದವು ಅದರ ಭಾರವನ್ನೂ ಎಳೆಯುತ್ತವೆ. ಸಾಲು ಉದ್ದವಿದ್ದಷ್ಟೂ ಒಂದು ಎತ್ತಿನ ಸೋಲು ಕಣಕ್ಕೆ ಗೊತ್ತಾಗುವುದಿಲ್ಲ. ಆದರೆ ಒಂದು ಎತ್ತು ಮುಗ್ಗರಿಸಿ ಬಿದ್ದು, ಹಗ್ಗವನ್ನು ಸಮಯಕ್ಕೆ ಬಿಚ್ಚದಿದ್ದರೆ, ಸಾಲೇ ಬೀಳುವುದೂ ಉಂಟು. ಬಳಕೆ ಹೆಚ್ಚಾಗಿ ಉತ್ಪಾದನೆ ಕಡಿಮೆಯಾದರೆ ಎಲ್ಲ ಜನರೇಟರುಗಳ ವೇಗ ಒಟ್ಟಿಗೆ ಇಳಿಯುತ್ತದೆ. ಬಳಕೆ ತಗ್ಗಿದರೆ ಏರುತ್ತದೆ. ಈ ಏರಿಳಿತವನ್ನು ಕ್ಷಣಕ್ಷಣವೂ ತಿದ್ದುತ್ತ ಕೂರುವವನೇ ಹಂತಿಯ ಹಿಂದೆ ಬಾರುಕೋಲು ಹಿಡಿದವನು. ಬಾಲ್ಟಿಕ್ ದೇಶಗಳ ಪಾಲಿಗೆ ಆ ಕೋಲು ಇದ್ದುದು ಮಾಸ್ಕೋದಲ್ಲಿ.

ಎರಡು ಜಾಲಗಳ ಎತ್ತುಗಳನ್ನು ಒಂದೇ ಹಗ್ಗಕ್ಕೆ ಕಟ್ಟದೆ ವಿದ್ಯುತ್ತನ್ನು ಕೊಟ್ಟು ತೆಗೆದುಕೊಳ್ಳುವ ಉಪಾಯವೂ ಇದೆ. ಡಿ.ಸಿ. ಎನ್ನುವ ಏಕಮುಖ ವಿದ್ಯುತ್ತಾಗಿ ಪರಿವರ್ತಿಸಿ ಕಳಿಸುವುದು. ಅದು ಕೆರೆಯ ತೂಬಿನ ಹಾಗೆ. ಬೇಕಾದಷ್ಟು ಬಿಡಬಹುದು, ಬೇಡವಾದರೆ ಮುಚ್ಚಬಹುದು. ಆಚೆಯ ಲಯ ಈಚೆಗೆ ಬರುವುದಿಲ್ಲ. ಇದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ನಿದರ್ಶನವಿದೆ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ 2003ರಲ್ಲಿ ಬಂದ ಮಾರ್ಗ ಇಂಥ ತೂಬು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿ ಮುಳುಗಿದಾಗ ದಕ್ಷಿಣದ ರಾಜ್ಯಗಳು ಪಾರಾದವು. ದಕ್ಷಿಣದ ಎತ್ತುಗಳು ಆಗ ಬೇರೆ ಕಣದಲ್ಲಿದ್ದವು ಎಂಬುದೇ ಕಾರಣ. ಮುಂದಿನ ವರ್ಷದ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಚಾಲನೆಗೊಂಡು ಇಡೀ ಭಾರತ ಒಂದೇ ಲಯಕ್ಕೆ ಬಂತು. ಒಟ್ಟಿಗೆ ಕಟ್ಟಿಕೊಂಡರೆ ಬಲ ಹೆಚ್ಚು, ಆದರೆ ಪಕ್ಕದವನ ಕೇಡೂ ನಮ್ಮದಾಗುತ್ತದೆ. ಪಕ್ಕದವನು ಸಹೋದರ ರಾಜ್ಯವಾದರೆ ಈ ಲೆಕ್ಕ ಒಂದು ರೀತಿ. ಒಂದು ಕಾಲದಲ್ಲಿ ನಮ್ಮನ್ನು ಆಳಿದವನಾದರೆ ಲೆಕ್ಕವೇ ಬೇರೆ.

ಸೋವಿಯತ್ ಯೋಜಕರು ಬಾಲ್ಟಿಕ್ ಪ್ರದೇಶವನ್ನು ಮೂರು ದೇಶಗಳೆಂದು ನೋಡಲಿಲ್ಲ. ತಮ್ಮ ವಾಯವ್ಯ ಮೂಲೆ ಎಂದು ನೋಡಿದರು. ಎಸ್ಟೋನಿಯಾದಲ್ಲಿ ಎಣ್ಣೆಯ ಅಂಶವುಳ್ಳ ಕಲ್ಲನ್ನು ಸುಡುವ ಸ್ಥಾವರಗಳು, ಲಾಟ್ವಿಯಾದಲ್ಲಿ ದೌಗವಾ ನದಿಯ ಜಲವಿದ್ಯುತ್ತು, ಲಿಥುವೇನಿಯಾದಲ್ಲಿ ಅಣುವಿದ್ಯುತ್ತು. ತಂತಿಗಳೆಲ್ಲ ರಷ್ಯಾ ಮತ್ತು ಬೆಲಾರುಸ್ ಕಡೆಗೆ. ಪಕ್ಕದ ಪೋಲೆಂಡಿಗೆ ಲಿಥುವೇನಿಯಾದಿಂದ ಒಂದು ಎಳೆಯೂ ಇರಲಿಲ್ಲ. ಆ ಪೋಲೆಂಡೂ ಸಮಾಜವಾದಿ ಬಣದ್ದೇ ಆಗಿತ್ತು ಎಂಬುದು ಗಮನಾರ್ಹ.

ಇಗ್ನಾಲಿನಾ ಅಣುಸ್ಥಾವರದ ಮೊದಲ ಘಟಕ ಚಾಲನೆಗೊಂಡದ್ದು 1983ರ ಕೊನೆಯಲ್ಲಿ, ಎರಡನೆಯದು 1987ರಲ್ಲಿ. ಮಧ್ಯೆ 1986ರಲ್ಲಿ ಚೆರ್ನೋಬಿಲ್ ದುರಂತ ನಡೆಯಿತು. ಇಗ್ನಾಲಿನಾದ್ದೂ ಅದೇ ಬಗೆಯ ರಿಯಾಕ್ಟರ್. ಜನ ಭಯಗೊಂಡರು. 1988ರ ಸೆಪ್ಟೆಂಬರಿನಲ್ಲಿ ಸಾವಿರಾರು ಮಂದಿ ಸ್ಥಾವರದ ಸುತ್ತ ಕೈಕೈ ಹಿಡಿದು ನಿಂತರು. ಆ ಸರಪಳಿಯನ್ನು ‘ಜೀವದ ಉಂಗುರ’ ಎಂದು ಕರೆದರು. ಮುಂದಿನ ವರ್ಷ ಆಗಸ್ಟ್ 23ರಂದು ವಿಲ್ನಿಯುಸ್‌ನಿಂದ ರೀಗಾ ಮಾರ್ಗವಾಗಿ ಟಾಲಿನ್‌ವರೆಗೆ ಆರುನೂರು ಕಿಲೋಮೀಟರಿಗೂ ಉದ್ದದ ಮಾನವ ಸರಪಳಿ ನಿಂತದ್ದು ಜಗತ್ತಿಗೆ ಗೊತ್ತಿದೆ. ಅದಕ್ಕೆ ಮೊದಲೇ ಒಂದು ಅಣುಸ್ಥಾವರದ ಸುತ್ತ ಸಣ್ಣ ಸರಪಳಿಯೊಂದು ನಿಂತಿತ್ತು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

1990ರ ಮಾರ್ಚ್ 11ರಂದು ಲಿಥುವೇನಿಯಾ ಸ್ವಾತಂತ್ರ್ಯ ಘೋಷಿಸಿತು. ಏಪ್ರಿಲಿನಲ್ಲಿ ಮಾಸ್ಕೋ ಕಚ್ಚಾತೈಲ ನಿಲ್ಲಿಸಿತು, ಅನಿಲವನ್ನು ಬಹುಪಾಲು ಕಡಿತಗೊಳಿಸಿತು. ಪೆಟ್ರೋಲಿಗೆ ಪಡಿತರ ಬಂತು, ಕಾರ್ಖಾನೆಗಳು ನಿಂತವು. ಜೂನ್ ಕೊನೆಯಲ್ಲಿ ಲಿಥುವೇನಿಯಾದ ಸಂಸತ್ತು ಸ್ವಾತಂತ್ರ್ಯ ಘೋಷಣೆಯ ಪರಿಣಾಮಗಳನ್ನು ನೂರು ದಿನ ತಡೆಹಿಡಿಯಲು ಒಪ್ಪಿದ ಮೇಲೆ ದಿಗ್ಬಂಧನ ಸಡಿಲಿತು. ಆ ದಿನಗಳಲ್ಲಿ ದೀಪ ಆರದಂತೆ ನೋಡಿಕೊಂಡದ್ದು ಯಾವುದು? ಜನ ಸರಪಳಿ ಕಟ್ಟಿ ವಿರೋಧಿಸಿದ್ದ ಅದೇ ಇಗ್ನಾಲಿನಾ. 1990ರ ದಶಕದಲ್ಲಿ ದೇಶದ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅದೊಂದೇ ಸ್ಥಾವರದಿಂದ ಬರುತ್ತಿತ್ತು. ಇಂಧನ ಮಾತ್ರ ರಷ್ಯಾದ್ದು.

ಐರೋಪ್ಯ ಒಕ್ಕೂಟಕ್ಕೆ ಸೇರಬೇಕಾದರೆ ಈ ಸ್ಥಾವರವನ್ನು ಮುಚ್ಚಬೇಕೆಂಬುದು ಒಂದು ಷರತ್ತು. ಲಿಥುವೇನಿಯಾ ಒಪ್ಪಿತು. ಮೊದಲ ಘಟಕ 2004ರ ಡಿಸೆಂಬರ್ 31ರಂದು ಮುಚ್ಚಿತು. ಎರಡನೆಯದನ್ನು ಮುಚ್ಚುವ ದಿನ ಹತ್ತಿರ ಬಂದಾಗ ಜನರ ಮನಸ್ಸು ತಿರುಗಿತು. 2008ರ ಅಕ್ಟೋಬರಿನಲ್ಲಿ ನಡೆದ ಜನಮತಗಣನೆಯಲ್ಲಿ ಮತ ಹಾಕಿದವರ ಪೈಕಿ ಬಹುದೊಡ್ಡ ಪಾಲು ಸ್ಥಾವರವನ್ನು ಇನ್ನಷ್ಟು ಕಾಲ ನಡೆಸಬೇಕೆಂದರು. ಆದರೆ ಅರ್ಧಕ್ಕಿಂತ ಕಡಿಮೆ ಮತದಾರರು ಬಂದಿದ್ದರಿಂದ ಗಣನೆ ಅಸಿಂಧುವಾಯಿತು. 2009ರ ಡಿಸೆಂಬರ್ 31ರ ರಾತ್ರಿ ಇಗ್ನಾಲಿನಾ ನಿಂತಿತು. ಸ್ಥಾವರದ ನೌಕರರಿಗೆಂದೇ ಕಾಡಿನ ನಡುವೆ ಕಟ್ಟಿದ ವಿಸಾಗಿನಸ್ ಎಂಬ ಊರಿನ ಕೆಲಸ ಅಂದಿನಿಂದ ಸ್ಥಾವರವನ್ನು ನಡೆಸುವುದಲ್ಲ, ಬಿಚ್ಚುವುದು. ಚೆರ್ನೋಬಿಲ್ ಕುರಿತು 2019ರಲ್ಲಿ ಬಂದ ಪ್ರಸಿದ್ಧ ಟೆಲಿವಿಷನ್ ಧಾರಾವಾಹಿಯ ಕೆಲವು ದೃಶ್ಯಗಳ ಚಿತ್ರೀಕರಣ ನಡೆದದ್ದೂ ಇಲ್ಲಿಯೇ.

ಮುಚ್ಚಿದ ಮರುದಿನದಿಂದ ವಿದ್ಯುತ್ತನ್ನು ರಫ್ತು ಮಾಡುತ್ತಿದ್ದ ದೇಶ ತನ್ನ ಬೇಡಿಕೆಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳಬೇಕಾಯಿತು. ತರಿಸುವುದಾದರೂ ಎಲ್ಲಿಂದ? ತಂತಿ ಇದ್ದುದು ಪೂರ್ವಕ್ಕೆ. ಇಡೀ ಬಾಲ್ಟಿಕ್ ಪ್ರದೇಶಕ್ಕೆ ಪಶ್ಚಿಮದ ಜೊತೆ ಆಗ ಇದ್ದ ಒಂದೇ ಒಂದು ಕೊಂಡಿ ಎಸ್ಟೋನಿಯಾ ಮತ್ತು ಫಿನ್ಲೆಂಡ್ ನಡುವಿನ 350 ಮೆಗಾವಾಟ್‌ನ ಸಮುದ್ರ ಕೇಬಲ್. ಯೂರೋಪನ್ನು ಸೇರಲು ತೆತ್ತ ಬೆಲೆಯೇ ರಷ್ಯಾದ ಮೇಲಿನ ಅವಲಂಬನೆಯನ್ನು ಹೆಚ್ಚಿಸಿತು. ಇದನ್ನು ಬ್ರಸೆಲ್ಸಿನ ಅಧಿಕಾರಿಗಳು ಮೊದಲೇ ಊಹಿಸಬಹುದಾಗಿತ್ತು.

ಹೊಸ ಅಣುಸ್ಥಾವರ ಕಟ್ಟುವ ಯೋಜನೆ ಬಂತು. ಜಪಾನಿನ ಹಿಟಾಚಿ ಸಂಸ್ಥೆಯನ್ನು ಆಯ್ಕೆ ಮಾಡಿದ್ದೂ ಆಯಿತು. 2012ರ ಅಕ್ಟೋಬರಿನ ಜನಮತಗಣನೆಯಲ್ಲಿ ಸುಮಾರು ಮೂರನೆಯ ಎರಡು ಪಾಲು ಜನ ಬೇಡವೆಂದರು. ನಾಲ್ಕು ವರ್ಷಗಳ ಹಿಂದೆ ಹಳೆಯದನ್ನು ಉಳಿಸಿ ಎಂದವರು ಈಗ ಹೊಸದು ಬೇಡ ಎಂದರು. ಇದನ್ನು ಚಂಚಲತೆ ಎನ್ನುವುದು ಸುಲಭ. ಹಳೆಯದರ ಸಾಲ ತೀರಿತ್ತು, ಹೊಸದರ ಸಾಲ ತಲೆಯ ಮೇಲೆ ಬರುವುದಿತ್ತು ಎಂಬುದನ್ನೂ ನೋಡಬೇಕು. ಅಲ್ಲಿಗೆ ಸ್ವಂತ ದೊಡ್ಡ ಸ್ಥಾವರದ ದಾರಿ ಮುಚ್ಚಿತು. ಉಳಿದದ್ದು ಗಡಿ ದಾಟುವ ತಂತಿಗಳ ದಾರಿ.

ಅನಿಲಕ್ಕಾಗಿ 2014ರ ಅಕ್ಟೋಬರಿನಲ್ಲಿ ದ್ರವೀಕೃತ ಅನಿಲವನ್ನು ಇಳಿಸಿಕೊಳ್ಳುವ ಒಂದು ಬೃಹತ್ ಹಡಗು ಕ್ಲೈಪೆಡಾ ಬಂದರಿಗೆ ಬಂದು ನಿಂತಿತು. ಹಡಗಿನ ಹೆಸರೇ ‘ಸ್ವಾತಂತ್ರ್ಯ’. ವಿದ್ಯುತ್ತಿಗಾಗಿ ಎರಡು ಕೊಂಡಿಗಳು. ಒಂದು, ಕ್ಲೈಪೆಡಾದಿಂದ ಸ್ವೀಡನ್ನಿನ ನೀಬ್ರೂವರೆಗೆ ಬಹುತೇಕ ಸಮುದ್ರದ ತಳದಲ್ಲಿ ಸಾಗುವ ಸುಮಾರು 450 ಕಿಲೋಮೀಟರ್ ಉದ್ದದ, 700 ಮೆಗಾವಾಟ್ ಸಾಮರ್ಥ್ಯದ ‘ನಾರ್ಡ್‌ಬಾಲ್ಟ್’. ಇನ್ನೊಂದು, ಆಲಿಟುಸ್‌ನಿಂದ ಪೋಲೆಂಡಿನ ಎಲ್ಕ್ ಪಟ್ಟಣಕ್ಕೆ ನೆಲದ ಮೇಲೆ ಹೋಗುವ, 500 ಮೆಗಾವಾಟ್‌ನ ‘ಲಿಟ್‌ಪೋಲ್’. 2015ರ ಡಿಸೆಂಬರಿನಲ್ಲಿ ಎರಡರ ಉದ್ಘಾಟನೆಯೂ ನಡೆಯಿತು. ಅದೇ ವರ್ಷ ಸಮುದ್ರದಲ್ಲಿ ಕೇಬಲ್ ಹಾಸುತ್ತಿದ್ದಾಗ ರಷ್ಯಾದ ನೌಕಾಪಡೆಯ ಹಡಗುಗಳು ಬಂದು ಕೆಲಸಕ್ಕೆ ಅಡ್ಡಿ ಮಾಡಿದವೆಂದು ಲಿಥುವೇನಿಯಾ ಸರ್ಕಾರ ಪ್ರತಿಭಟನೆ ಸಲ್ಲಿಸಿತ್ತು.

ಇಲ್ಲಿ ತಾವು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಎರಡೂ ಕೊಂಡಿಗಳು ಆಗ ತೂಬುಗಳು, ಹಗ್ಗಗಳಲ್ಲ. ವಿದ್ಯುತ್ತನ್ನು ಸ್ವೀಡನ್ನಿನಿಂದ ಕೊಳ್ಳಬಹುದು, ದರದಲ್ಲಿ ಚೌಕಾಸಿ ಮಾಡಬಹುದು. ಆದರೆ ಎತ್ತುಗಳು ಇನ್ನೂ ಮಾಸ್ಕೋದ ಕಣದಲ್ಲೇ ಸುತ್ತುತ್ತಿದ್ದವು. 2001ರಲ್ಲಿ ಬೆಲಾರುಸ್, ರಷ್ಯಾ ಮತ್ತು ಮೂರು ಬಾಲ್ಟಿಕ್ ದೇಶಗಳು ಮಾಡಿಕೊಂಡಿದ್ದ ಒಪ್ಪಂದದಂತೆ ಲಯ ಅಲ್ಲಿಂದಲೇ ಬರುತ್ತಿತ್ತು. ಮಾರುಕಟ್ಟೆಯಲ್ಲಿ ಬಿಡುಗಡೆ ಸಿಕ್ಕಿತ್ತು, ಯಂತ್ರದಲ್ಲಿ ಸಿಕ್ಕಿರಲಿಲ್ಲ.

ಈ ವ್ಯತ್ಯಾಸ ಬೆಲಾರುಸ್‌ನ ಆಸ್ಟ್ರವೆಟ್ಸ್ ಅಣುಸ್ಥಾವರದ ವಿಷಯದಲ್ಲಿ ಕಣ್ಣಿಗೆ ಹೊಡೆದಂತೆ ಕಂಡಿತು. ರಷ್ಯಾದ ಸಂಸ್ಥೆ ಕಟ್ಟಿದ ಈ ಸ್ಥಾವರ ಲಿಥುವೇನಿಯಾದ ರಾಜಧಾನಿ ವಿಲ್ನಿಯುಸ್‌ನಿಂದ ಕೇವಲ 50 ಕಿಲೋಮೀಟರಿನಷ್ಟು ದೂರದಲ್ಲಿದೆ. ಅಲ್ಲಿನ ವಿದ್ಯುತ್ತನ್ನು ಕೊಳ್ಳುವುದಿಲ್ಲವೆಂದು ಲಿಥುವೇನಿಯಾ 2017ರಲ್ಲಿ ಕಾನೂನನ್ನೇ ಮಾಡಿತ್ತು. 2020ರ ನವೆಂಬರ್ 3ರಂದು ಸ್ಥಾವರ ಜಾಲಕ್ಕೆ ಸೇರಿದ ದಿನವೇ ಬೆಲಾರುಸ್ ಜೊತೆಗಿನ ವ್ಯಾಪಾರ ನಿಲ್ಲಿಸಿತು. ಆದರೆ ಕಾಗದದ ಮೇಲೆ ನಿಲ್ಲಿಸಬಹುದು, ತಂತಿಯಲ್ಲಿ ಹರಿಯುವುದನ್ನು ನಿಲ್ಲಿಸುವುದು ಹೇಗೆ? ಒಂದೇ ಜಾಲದಲ್ಲಿರುವ ತನಕ ವಿದ್ಯುತ್ತು ತನಗೆ ಸಲೀಸಾದ ದಾರಿಯಲ್ಲಿ ಹರಿಯುತ್ತದೆ. ಅದಕ್ಕೆ ಪಾಸ್‌ಪೋರ್ಟ್ ಇಲ್ಲ.

ಹಗ್ಗ ಬದಲಾಯಿಸುವ ರಾಜಕೀಯ ತೀರ್ಮಾನಕ್ಕೆ ಬಾಲ್ಟಿಕ್ ದೇಶಗಳು, ಪೋಲೆಂಡ್ ಮತ್ತು ಐರೋಪ್ಯ ಆಯೋಗ ಸಹಿ ಹಾಕಿದ್ದು 2018ರಲ್ಲಿ. ಕೆಲಸ ದೊಡ್ಡದಿತ್ತು. ಒಟ್ಟು ವೆಚ್ಚ ಸುಮಾರು 160 ಕೋಟಿ ಯೂರೊ, ಅದರಲ್ಲಿ ಸುಮಾರು ಮುಕ್ಕಾಲು ಪಾಲು ಐರೋಪ್ಯ ಒಕ್ಕೂಟದ್ದು. ದೇಶಕ್ಕೆ ಮೂರರಂತೆ ಒಂಬತ್ತು ‘ಸಿಂಕ್ರೊನಸ್ ಕಂಡೆನ್ಸರ್’ ಎಂಬ ಯಂತ್ರಗಳನ್ನು ಸ್ಥಾಪಿಸಬೇಕಾಯಿತು. ಇವು ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ. ಸುಮ್ಮನೆ ಲಯಕ್ಕೆ ಸರಿಯಾಗಿ ತಿರುಗುತ್ತಿರುತ್ತವೆ. ಕುಂಬಾರನ ತಿಗರಿಯನ್ನು ಒಮ್ಮೆ ತಿರುಗಿಸಿಬಿಟ್ಟರೆ ಕೈ ತೆಗೆದ ಮೇಲೂ ಸುತ್ತುವಂತೆ, ಎಲ್ಲೋ ಒಂದು ಸ್ಥಾವರ ತಟ್ಟನೆ ನಿಂತಾಗ ಇವುಗಳ ಭಾರವೇ ಜಾಲದ ವೇಗ ಕುಸಿಯದಂತೆ ಕೆಲವು ಕ್ಷಣ ಹಿಡಿದಿಡುತ್ತದೆ. ಆ ಕೆಲವು ಕ್ಷಣಗಳಲ್ಲಿ ಬೇರೆ ವ್ಯವಸ್ಥೆಗಳು ಎಚ್ಚೆತ್ತುಕೊಳ್ಳಬೇಕು. ಅದಕ್ಕಾಗಿ ಲಿಥುವೇನಿಯಾ 200 ಮೆಗಾವಾಟ್‌ನ ಬ್ಯಾಟರಿಗಳನ್ನೂ ಕೂರಿಸಿತು. ನೆಮುನಸ್ ನದಿಯ ಪಕ್ಕದಲ್ಲಿ ಕ್ರುವೋನಿಸ್ ಎಂಬಲ್ಲಿ 900 ಮೆಗಾವಾಟ್‌ನ ಜಲಾಗಾರ ಮೊದಲೇ ಇತ್ತು. ರಾತ್ರಿ ನೀರನ್ನು ಗುಡ್ಡಕ್ಕೆ ಏರಿಸಿ ಹಗಲು ಇಳಿಸುವ ಏರ್ಪಾಟು. ಇಗ್ನಾಲಿನಾಕ್ಕೆ ಜೊತೆಯಾಗಿ ಸೋವಿಯತ್ ಯೋಜಕರು ಹೂಡಿದ್ದ ಆ ಏರ್ಪಾಟು ಸೋವಿಯತ್ ಜಾಲವನ್ನು ಬಿಡುವುದಕ್ಕೇ ಒದಗಿ ಬಂತು.

2022 ಬಂತು. ಫೆಬ್ರುವರಿ 24ರಂದು ಉಕ್ರೇನ್ ಪರೀಕ್ಷೆಗೆಂದು ತನ್ನ ಜಾಲವನ್ನು ರಷ್ಯಾದಿಂದ ಬೇರ್ಪಡಿಸಿಕೊಂಡ ಕೆಲವೇ ಗಂಟೆಗಳಲ್ಲಿ ಆಕ್ರಮಣ ನಡೆಯಿತು. ಮರಳಿ ಜೋಡಿಸಿಕೊಳ್ಳುವ ಪ್ರಶ್ನೆಯೇ ಉಳಿಯಲಿಲ್ಲ. ಮೂರು ವಾರಗಳೊಳಗೆ, ಮಾರ್ಚ್ 16ರಂದು ಉಕ್ರೇನಿನ ಜಾಲವನ್ನು ಯೂರೋಪಿನದಕ್ಕೆ ಕಟ್ಟಲಾಯಿತು. ಯುದ್ಧದ ನಡುವೆ ಉಕ್ರೇನ್ ಇದನ್ನು ಮಾಡಿದ ಮೇಲೆ ಶಾಂತಿಯಲ್ಲಿದ್ದ ಬಾಲ್ಟಿಕ್ ದೇಶಗಳು ವಿಳಂಬಕ್ಕೆ ಕಾರಣ ಹೇಳುವುದು ಕಷ್ಟವಾಯಿತು. ಆ ವರ್ಷ ಲಿಥುವೇನಿಯಾ ರಷ್ಯಾದ ಅನಿಲವನ್ನೂ ವಿದ್ಯುತ್ತನ್ನೂ ಕೊಳ್ಳುವುದನ್ನು ನಿಲ್ಲಿಸಿತು. ಇದರ ಬಿಸಿ ಜನರಿಗೆ ತಟ್ಟದೆ ಇರಲಿಲ್ಲ. ಆಗಸ್ಟ್ 17ರ ಸಂಜೆ ಒಂದು ಗಂಟೆಯ ಅವಧಿಗೆ ಬಾಲ್ಟಿಕ್ ಮಾರುಕಟ್ಟೆಯಲ್ಲಿ ಸಗಟು ದರ ಮೆಗಾವಾಟ್–ಗಂಟೆಗೆ 4000 ಯೂರೊ ಮುಟ್ಟಿತು. ಅಂದರೆ ಒಂದು ಯೂನಿಟ್ಟಿಗೆ 4 ಯೂರೊ. ಸಣ್ಣ ಮಾರುಕಟ್ಟೆ, ಸಾಲದ ತಂತಿಗಳು. ಸ್ವಾತಂತ್ರ್ಯದ ಬಿಲ್ಲು ಮೀಟರಿನಲ್ಲಿಯೂ ಬರುತ್ತದೆ ಎಂಬುದನ್ನು ಅಲ್ಲಿನ ಗೃಹಿಣಿಯರು ಯಾವ ತಜ್ಞರಿಗಿಂತ ಮೊದಲು ಅರಿತರು.

ಕಡೆಗೆ 2025ರ ಫೆಬ್ರುವರಿ 8, ಶನಿವಾರ. ಬೆಳಗ್ಗೆ ಒಂದೊಂದಾಗಿ ಪೂರ್ವದ ಮಾರ್ಗಗಳನ್ನು ಬೇರ್ಪಡಿಸಲಾಯಿತು. ಬಿಟೇನಾಯ್ ಇಲ್ಲಿ ಮತ್ತೆ ಬರುತ್ತದೆ. ಒಂದು ಕಾಲದ ಟಿಲ್ಸಿಟ್ ಇಂದು ಸೊವೆಟ್ಸ್ಕ್ ಎಂಬ ಹೆಸರಿನ ರಷ್ಯಾದ ಊರು, ಕಲಿನಿನ್‌ಗ್ರಾಡ್ ಪ್ರಾಂತಕ್ಕೆ ಸೇರಿದ್ದು. ಬಿಟೇನಾಯ್ ಮತ್ತು ಸೊವೆಟ್ಸ್ಕ್ ನಡುವೆ 330 ಕಿಲೋವೋಲ್ಟ್ ಮಾರ್ಗವಿತ್ತು. ನೂರಿಪ್ಪತ್ತು ವರ್ಷಗಳ ಹಿಂದೆ ನಿಷೇಧಿತ ಪುಸ್ತಕಗಳು ಸಾಗಿಬಂದ ಸೀಮೆ ಅದು. ಆ ಮಾರ್ಗವೂ ಅಂದು ಮೌನವಾಯಿತು. ಲಾಟ್ವಿಯಾದಲ್ಲಿ ಗಡಿಯ ಹತ್ತಿರ ತಂತಿಯನ್ನೇ ಕತ್ತರಿಸಿ ತುಂಡುಗಳನ್ನು ನೆರೆದವರಿಗೆ ನೆನಪಿನ ಕಾಣಿಕೆಯಾಗಿ ಹಂಚಿದರು.

ಮುಂದಿನ ಒಂದು ದಿನಕ್ಕೂ ಸ್ವಲ್ಪ ಹೆಚ್ಚು ಕಾಲ ಮೂರು ದೇಶಗಳು ಪೂರ್ವಕ್ಕೂ ಸೇರದೆ ಪಶ್ಚಿಮದ ಲಯಕ್ಕೂ ಸೇರದೆ, ತಮ್ಮ ಎತ್ತುಗಳನ್ನು ತಾವೇ ಹೊಡೆದುಕೊಂಡವು. ಇತಿಹಾಸದ ದೃಷ್ಟಿಯಿಂದ ಈ ಕೆಲವು ಗಂಟೆಗಳೇ ಅತ್ಯಂತ ಕುತೂಹಲಕರ. ಆ ಅವಧಿಯಲ್ಲಿ ಲಯ ಸಂಪೂರ್ಣವಾಗಿ ಅವರದೇ ಆಗಿತ್ತು. ಅದರಲ್ಲಿಯೇ ಮುಂದುವರಿಯುವ ಯೋಚನೆ ಮಾತ್ರ ಯಾರಿಗೂ ಇರಲಿಲ್ಲ. ಕಿರಿದಾದ ಕಣದಲ್ಲಿ ಮೂರು ಎತ್ತುಗಳ ಹಂತಿ ಎಷ್ಟು ಅಪಾಯದ್ದೆಂದು ಎಂಜಿನಿಯರುಗಳಿಗೆ ಗೊತ್ತಿತ್ತು. ಮರುದಿನ ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ, ಲಿಟ್‌ಪೋಲ್ ಮಾರ್ಗದ ಮೂಲಕ, ಈ ಬಾರಿ ತೂಬಿಲ್ಲದೆ ನೇರವಾಗಿ, ಬಾಲ್ಟಿಕ್ ಜಾಲ ಯೂರೋಪಿನ ಮುಖ್ಯ ಜಾಲಕ್ಕೆ ಕೂಡಿಕೊಂಡಿತು. ವಿಲ್ನಿಯುಸ್ ನಗರದ ಮಧ್ಯದಲ್ಲಿ ನಿಲ್ಲಿಸಿದ್ದ ಒಂಬತ್ತು ಮೀಟರ್ ಎತ್ತರದ ಗಡಿಯಾರ ಕೊನೆಯ ಸೆಕೆಂಡುಗಳನ್ನು ಎಣಿಸಿತು. ಮನೆಗಳಲ್ಲಿ ದೀಪ ಮಿಣುಕಲೂ ಇಲ್ಲ.

ಇದರಿಂದ ಭಯ ತೀರಿತೆ? ತೀರಲಿಲ್ಲ. ಭಯದ ಜಾಗ ಬದಲಾಯಿತು. ಆರೇ ವಾರಗಳ ಹಿಂದೆ, 2024ರ ಡಿಸೆಂಬರ್ 25ರಂದು, ಎಸ್ಟೋನಿಯಾ ಮತ್ತು ಫಿನ್ಲೆಂಡ್ ನಡುವಿನ 650 ಮೆಗಾವಾಟ್‌ನ ಎರಡನೆಯ ಸಮುದ್ರ ಕೇಬಲ್ ಹಾಳಾಗಿತ್ತು. ‘ಈಗಲ್ ಎಸ್’ ಎಂಬ ತೈಲ ಹಡಗು ಲಂಗರು ಎಳೆದುಕೊಂಡು ಹೋದದ್ದೇ ಕಾರಣವೆಂದು ಫಿನ್ಲೆಂಡಿನ ಅಧಿಕಾರಿಗಳು ಹಡಗನ್ನು ವಶಪಡಿಸಿಕೊಂಡರು. ದುರಸ್ತಿಗೆ 2025ರ ಜೂನ್‌ವರೆಗೆ ಬೇಕಾಯಿತು. ಅಕ್ಟೋಬರಿನಲ್ಲಿ ಹೆಲ್ಸಿಂಕಿಯ ಜಿಲ್ಲಾ ನ್ಯಾಯಾಲಯ, ಇದು ತನ್ನ ನ್ಯಾಯವ್ಯಾಪ್ತಿಗೆ ಬರುವುದಿಲ್ಲವೆಂದು ಮೊಕದ್ದಮೆಯನ್ನು ವಜಾ ಮಾಡಿತು. ಸಮುದ್ರದ ಕಾನೂನು ಬರೆದವರ ಕಾಲದಲ್ಲಿ ಒಂದು ದೇಶದ ದೀಪ ಹೀಗೆ ಸಮುದ್ರದ ತಳದ ಎಳೆಗಳಿಗೆ ನೇತುಬೀಳುತ್ತದೆ ಎಂಬ ಕಲ್ಪನೆ ಇರಲಿಲ್ಲವೆಂದು ಕಾಣುತ್ತದೆ. ನ್ಯಾಟೊ ಯುದ್ಧನೌಕೆಗಳು 2025ರ ಜನವರಿಯಿಂದ ಬಾಲ್ಟಿಕ್ ಸಮುದ್ರದಲ್ಲಿ ಕೇಬಲ್‌ಗಳ ಕಾವಲಿಗೆ ನಿಂತವು. ವಿದ್ಯುತ್ ಮಂಡಳಿಯ ಲೈನ್‌ಮನ್ ಮಾಡುವ ಗಸ್ತಿನ ಕೆಲಸವನ್ನು ನೌಕಾಪಡೆ ಮಾಡುವ ಕಾಲ.

ಈಗ ಯೂರೋಪಿನ ಲಯಕ್ಕೆ ಮೂರು ದೇಶಗಳನ್ನು ಕಟ್ಟಿರುವ ಹಗ್ಗ ಆಲಿಟುಸ್–ಎಲ್ಕ್ ಮಾರ್ಗ ಒಂದೇ. ಅದಕ್ಕೆ ಜೋಡಿಯಾಗಿ ಪೋಲೆಂಡಿನಿಂದ ಸಮುದ್ರದ ತಳದಲ್ಲಿ ಇನ್ನೊಂದು ಕೇಬಲ್ ಎಳೆಯುವ ಯೋಜನೆ ಮೊದಲು ಇತ್ತು. ವೆಚ್ಚ ಏರಿದ್ದರಿಂದ ಅದನ್ನು ಕೈಬಿಟ್ಟು, ನಿರ್ಮಾಣದಲ್ಲಿರುವ ‘ರೈಲ್ ಬಾಲ್ಟಿಕಾ’ ರೈಲುದಾರಿಯ ಗುಂಟ ನೆಲದ ಮೇಲೆಯೇ ಎರಡನೆಯ ಮಾರ್ಗ ತರಲು ನಿರ್ಧರಿಸಿದ್ದಾರೆ. ಅದಕ್ಕೆ ಇಟ್ಟುಕೊಂಡಿರುವ ಗಡುವು 2030.